ಮೇಷ್ಟರ ಮನೆಯ ಕಾಳಿ

ಹಾಸನ ಜಿಲ್ಲೆಯ ಹಳೇಬೀಡಿಗೆ ಬರುವ ಪ್ರವಾಸಿಗರು ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮುಂದೆ ನಿಂತು ಬೆರಗಾಗುತ್ತಾರೆ. ದೋರಸಮುದ್ರವೆಂಬ ಹೆಸರಿನಿಂದ ಹೊಯ್ಸಳರ ರಾಜಧಾನಿಯಾಗಿ ಮೆರೆದ ಊರು ಇದು. ಕ್ರಿ.ಶ. 1121ರ ಸುಮಾರಿಗೆ ಆರಂಭವಾದ ಆ ದೇಗುಲದ ಗೋಡೆಯ ಅಡಿಯಲ್ಲಿ ಆನೆಗಳ ಸಾಲಿದೆ. ಅದರ ಮೇಲೆ ಸಿಂಹಗಳು, ಕುದುರೆ ಸವಾರರು, ಇನ್ನೂ ಮೇಲೆ ಮಕರಗಳು, ಹಂಸಗಳು. 2023ರಲ್ಲಿ ಯುನೆಸ್ಕೊ ಸಂಸ್ಥೆಯು ಬೇಲೂರು ಮತ್ತು ಸೋಮನಾಥಪುರದ ದೇವಾಲಯಗಳೊಡನೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟೊಂದು ಗಂಭೀರ ಪ್ರಾಣಿಗಳ ನಡುವೆ ಬಾಳುವ ಊರಿನಲ್ಲಿ, ಗಾಂಭೀರ್ಯವೆಂದರೆ ಏನೆಂದೇ ಅರಿಯದ ಒಂದು ಪ್ರಾಣಿಯೂ ಇತ್ತು. ಅದು ಕೆರೆಯ ಕಡೆಗೆ ಹೋಗುವ ಬೀದಿಯಲ್ಲಿ ವಾಸವಾಗಿದ್ದ ನಿವೃತ್ತ ಮೇಷ್ಟರೊಬ್ಬರ ಮನೆಯ ನಾಯಿ.

ಮೇಷ್ಟರು ಮೂವತ್ತು ವರ್ಷಕಾಲ ಪ್ರೌಢಶಾಲೆಯಲ್ಲಿ ಚರಿತ್ರೆ ಬೋಧಿಸಿದವರು. ಒಂದು ಮಳೆಗಾಲದ ಸಂಜೆ ಕೆರೆಯ ಏರಿಯ ಮೇಲೆ ತಿರುಗಾಡಲು ಹೋದವರು, ಅಂಗಿಯ ಒಳಗೆ ಏನನ್ನೋ ಅವಿತಿಟ್ಟುಕೊಂಡು ಬಂದರು. ಹೊರಗೆ ತೆಗೆದಾಗ ಅದೊಂದು ಕಪ್ಪು ನಾಯಿಮರಿ. ಒಂದು ಕಿವಿ ನೆಟ್ಟಗೆ ನಿಂತಿತ್ತು, ಇನ್ನೊಂದು ಮಡಚಿಕೊಂಡಿತ್ತು. ಚಳಿಯಿಂದ ನಡುಗುತ್ತಿದ್ದ ಆ ಮರಿ ಬಚ್ಚಲೊಲೆಯ ಮುಂದೆ ಕುಳಿತು, ಬೆಚ್ಚಗಾದೊಡನೆ ಎದ್ದು, ಉರಿಯುತ್ತಿದ್ದ ಒಲೆಯನ್ನೇ ನೆಕ್ಕಲು ಹೋಯಿತು. ಅದರ ಬುದ್ಧಿಯ ಮಟ್ಟವನ್ನು ಮನೆಯವರು ಆಗಲೇ ಊಹಿಸಬಹುದಾಗಿತ್ತು.

ಹೆಸರಿಡುವ ಅಧಿಕಾರವನ್ನು ಮೇಷ್ಟರು ಯಾರಿಗೂ ಬಿಟ್ಟುಕೊಡಲಿಲ್ಲ. “ಇದು ಕಾಳಿ” ಎಂದರು. ಬಣ್ಣ ಕಪ್ಪಾದುದರಿಂದ ಹಾಗೆ ಕರೆದರೆಂದು ಎಲ್ಲರೂ ಭಾವಿಸಿದರು. ಆದರೆ ಮೇಷ್ಟರ ಮನಸ್ಸಿನಲ್ಲಿದ್ದುದು ಆತಕೂರಿನ ಕಾಳಿ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿನ ಒಂದು ಶಿಲಾಶಾಸನ ದೊರೆತಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ದೊರೆ ಇಮ್ಮಡಿ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದನು. ಆ ಯುದ್ಧದಲ್ಲಿ ಮಣಲೇರನೆಂಬ ವೀರ ಅಪೂರ್ವ ಸಾಹಸ ತೋರಿದನು. ಮೆಚ್ಚಿದ ಒಡೆಯನು “ಬೇಕಾದುದನ್ನು ಕೇಳು” ಎಂದಾಗ ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಬೆಳತೂರಿನ ಪಶ್ಚಿಮದ ಗುಡ್ಡದಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ, ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯ ಮೇಲೆರಗಿದ ನಾಯಿಯ ಚಿತ್ರವಿದೆ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಮನುಷ್ಯರಿಗೆ ನೆಟ್ಟ ವೀರಗಲ್ಲುಗಳು ಕನ್ನಡ ನಾಡಿನಲ್ಲಿ ಅಸಂಖ್ಯಾತವಾಗಿವೆ. ನಾಯಿಯೊಂದಕ್ಕೆ ಇಂಥ ಗೌರವ ದೊರೆತದ್ದು ಅಪರೂಪ.

ಈ ಕಥೆಯನ್ನು ಮೇಷ್ಟರು ಮರಿಯ ಮುಂದೆಯೇ ಸವಿಸ್ತಾರವಾಗಿ ಹೇಳಿದರು. ಮರಿ ಅವರ ಕಾಲಿನ ಹೆಬ್ಬೆರಳನ್ನು ಕಚ್ಚುತ್ತ ಕೇಳಿಸಿಕೊಂಡಿತು.

ಕಾಳಿ ಬೆಳೆದು ದೊಡ್ಡದಾದ ಮೇಲೆ, ಹೆಸರಿಗೆ ತಕ್ಕ ಪರೀಕ್ಷೆಯೂ ಒಂದು ದಿನ ಎದುರಾಯಿತು. ಬೀದಿಯ ಚರಂಡಿಯ ಬದಿಯಿಂದ ಗೇಣುದ್ದದ ಹಂದಿಮರಿಯೊಂದು ದಾರಿ ತಪ್ಪಿ ಮೇಷ್ಟರ ಅಂಗಳಕ್ಕೆ ಬಂದಿತು. ಮೇಷ್ಟರು ಜಗಲಿಯ ಮೇಲೆ ಕನ್ನಡಕ ಸರಿಪಡಿಸಿಕೊಂಡು ಕುಳಿತರು. ಸಾವಿರ ವರ್ಷದ ಚರಿತ್ರೆ ಮರುಕಳಿಸುವ ಗಳಿಗೆ! ಹಂದಿಮರಿ ಒಮ್ಮೆ ‘ಗುರ್ರ್’ ಎಂದಿತು. ಕಾಳಿ ಎರಡು ಹೆಜ್ಜೆ ಹಿಂದೆ ಸರಿಯಿತು; ಮತ್ತೊಮ್ಮೆ ‘ಗುರ್ರ್’ ಎಂದಾಗ ಅಡಿಗೆಮನೆಯವರೆಗೆ ಓಡಿ, ಅಜ್ಜಿಯ ಸೀರೆಯ ನೆರಿಗೆಯ ಹಿಂದೆ ನಿಂತು, ಅಲ್ಲಿಂದ ಧೈರ್ಯವಾಗಿ ಬೊಗಳಿತು. ಮೇಷ್ಟರ ಹೆಂಡತಿಯನ್ನು ಮೊಮ್ಮಗ ಮಾತ್ರವಲ್ಲ, ಬೀದಿಯವರೆಲ್ಲರೂ ಅಜ್ಜಿಯೆಂದೇ ಕರೆಯುತ್ತಿದ್ದರು.

“ನಿಮ್ಮ ವೀರನಾಯಿ ಇಲ್ಲಿದೆ ನೋಡಿ, ಕಲ್ಲು ಎಲ್ಲಿ ನೆಡಿಸುತ್ತೀರಿ?” ಎಂದು ಅಜ್ಜಿ ಒಳಗಿನಿಂದಲೇ ಕೇಳಿದರು.

ಆ ಮನೆಯಲ್ಲಿ ಅಜ್ಜಿಯೇ ಕಾಳಿಯ ಪ್ರಬಲ ವಿರೋಧಿ. ವಿರೋಧಕ್ಕೆ ಕಾರಣಗಳೂ ಇದ್ದವು. ಸಿಕ್ಕಿದುದನ್ನೆಲ್ಲ ಮಣ್ಣಿನಲ್ಲಿ ಹೂಳುವುದು ಕಾಳಿಯ ಅಭ್ಯಾಸ. ಮಿಕ್ಕ ಆಹಾರವನ್ನು ಹೂತಿಟ್ಟು ಬರಗಾಲದಲ್ಲಿ ತೆಗೆದು ತಿನ್ನುವುದು ತೋಳದ ಕುಲದ ಹಳೆಯ ಜಾಣತನ. ಆದರೆ ಕಾಳಿ ರೊಟ್ಟಿಯನ್ನು ಹೂತ ಜಾಗವನ್ನು ಮರೆತುಬಿಡುತ್ತಿತ್ತು. ಎದುರುಮನೆಯ ಕಂದು ನಾಯಿ ಬಂದು ತೆಗೆದು ತಿನ್ನುವಾಗ ಪಕ್ಕದಲ್ಲಿ ಕುಳಿತು ಆಸಕ್ತಿಯಿಂದ ನೋಡುತ್ತಿತ್ತು. ಅಜ್ಜಿಯ ಒಂದು ಚಪ್ಪಲಿ ಕನಕಾಂಬರದ ಗಿಡದ ಬುಡದಲ್ಲಿ ದೊರೆಯಿತು. ಇನ್ನೊಂದು ದೊರೆಯಲೇ ಇಲ್ಲ. ಕಾಳಿಯನ್ನು ಹೆದರಿಸಲೆಂದು ಅಜ್ಜಿ ಒಂದು ಬಿದಿರಿನ ಕೋಲು ತರಿಸಿದರು. ಕಾಳಿ ಅದನ್ನು ತನಗಾಗಿ ತಂದ ಆಟದ ಸಾಮಾನೆಂದು ತಿಳಿದು, ಪ್ರತಿದಿನ ಬೆಳಿಗ್ಗೆ ಕಚ್ಚಿಕೊಂಡು ಬಂದು, ಅಜ್ಜಿಯ ಕಾಲಬಳಿ ಇಟ್ಟು, ಬಾಲವಲ್ಲಾಡಿಸುತ್ತ ನಿಲ್ಲುತ್ತಿತ್ತು. ತನ್ನನ್ನು ಹೊಡೆಯುವ ಕೋಲನ್ನು ತಾನೇ ತಂದುಕೊಡುವ ಪ್ರಾಣಿಯನ್ನು ಹೊಡೆಯುವುದಾದರೂ ಹೇಗೆ?

ಮಲಗುವ ಮುನ್ನ ನಾಯಿಗಳು ಇದ್ದ ಜಾಗದಲ್ಲಿಯೇ ಸುತ್ತುವುದನ್ನು ಎಲ್ಲರೂ ಕಂಡಿರುತ್ತಾರೆ. ಕಾಡಿನಲ್ಲಿದ್ದ ಪೂರ್ವಿಕರು ಹುಲ್ಲನ್ನು ತುಳಿದು ಹಾಸಿಗೆ ಮಾಡಿಕೊಳ್ಳುತ್ತಿದ್ದುದರ ಉಳಿಕೆ ಅದು ಎನ್ನುತ್ತಾರೆ. ಕಾಳಿ ಸಿಮೆಂಟಿನ ಜಗಲಿಯ ಮೇಲೆ ಎಂಟು–ಹತ್ತು ಸುತ್ತು ಸುತ್ತಿ, ತಾನು ಸುತ್ತುತ್ತಿರುವುದು ಏಕೆಂಬುದನ್ನು ಮರೆತು, ಎದ್ದು ಹೊರಟುಹೋಗುತ್ತಿತ್ತು. ಮನುಷ್ಯನು ಬೆರಳು ತೋರಿಸಿದ ದಿಕ್ಕನ್ನು ಚಿಂಪಾಂಜಿಗಿಂತ ನಾಯಿಯೇ ಚೆನ್ನಾಗಿ ಗ್ರಹಿಸುತ್ತದೆಂದು ವಿಜ್ಞಾನಿಗಳ ಪ್ರಯೋಗಗಳು ತೋರಿಸಿವೆ. ಮನುಷ್ಯನ ಜೊತೆಯಲ್ಲಿ ಹದಿನೈದು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಾಳಿದುದರ ಫಲವಿದು. ಕಾಳಿಗೆ ಮಾತ್ರ ಬೆರಳು ತೋರಿಸಿದರೆ ಅದು ಬಂದು ಬೆರಳನ್ನೇ ನೆಕ್ಕುತ್ತಿತ್ತು.

ನೀರಿನಲ್ಲಿ ತನ್ನ ನೆರಳನ್ನು ಕಂಡು, ಬಾಯಲ್ಲಿದ್ದುದನ್ನೂ ಕಳೆದುಕೊಂಡ ನಾಯಿಯ ನೀತಿಕಥೆಯನ್ನು ಕೇಳದ ಮಕ್ಕಳಿಲ್ಲ. ಒಂದು ಸಂಜೆ ಮೊಮ್ಮಗನ ಜೊತೆ ಕೆರೆಯ ದಂಡೆಗೆ ಹೋದಾಗ ಕಾಳಿ ಆ ಕಥೆಯನ್ನು ಪ್ರತ್ಯಕ್ಷವಾಗಿ ನಡೆಸಿ ತೋರಿಸಿತು. ಬಾಯಲ್ಲಿ ರೊಟ್ಟಿಯ ಚೂರು ಇತ್ತು. ನೀರಿನೊಳಗೆ ಇನ್ನೊಂದು ಕಪ್ಪು ನಾಯಿ, ಅದಕ್ಕೂ ಒಂದು ಕಿವಿ ಮಡಚಿದೆ! ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಗುರುತಿಸುವ ಶಕ್ತಿ ಚಿಂಪಾಂಜಿಗಳಿಗೆ ಉಂಟೆಂದು 1970ರ ಒಂದು ಪ್ರಯೋಗ ತೋರಿಸಿತು. ನಾಯಿಗಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ನಾಯಿಯ ಲೋಕ ಕಣ್ಣಿನ ಲೋಕವಲ್ಲ, ಮೂಗಿನ ಲೋಕ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಐವತ್ತು ಲಕ್ಷದಷ್ಟಿದ್ದರೆ ನಾಯಿಯ ಮೂಗಿನಲ್ಲಿ ಇಪ್ಪತ್ತು ಕೋಟಿಗೂ ಮಿಗಿಲು. ವಾಸನೆಯಿಲ್ಲದ ನಾಯಿಯೊಂದು ನೀರಿನೊಳಗಿಂದ ನೋಡುತ್ತಿದ್ದರೆ ಕಾಳಿಗೆ ದಿಗ್ಭ್ರಮೆಯಾಗುವುದು ಸಹಜವೇ. ಆದರೆ ಕಾಳಿ ಬೊಗಳಲಿಲ್ಲ, ಕಚ್ಚಲು ಹೋಗಲಿಲ್ಲ. ಬಾಲವನ್ನು ಜೋರಾಗಿ ಅಲ್ಲಾಡಿಸಿ, ಬಾಯಿ ತೆರೆದು, ರೊಟ್ಟಿಯನ್ನು ಮೆಲ್ಲನೆ ನೀರಿಗೆ ಬಿಟ್ಟಿತು. ನೀರು ಕಲಕಿ ಆ ನಾಯಿ ಮಾಯವಾದಾಗ ಬಹಳ ಹೊತ್ತು ಅಲ್ಲಿಯೇ ಕಾದಿತು. ಕಥೆಯ ನಾಯಿ ದುರಾಸೆಯಿಂದ ಕಳೆದುಕೊಂಡಿತ್ತು. ಕಾಳಿಯದು ದುರಾಸೆಯಲ್ಲವೆಂದು ಮೊಮ್ಮಗ ಮನೆಗೆ ಬಂದು ವಾದಿಸಿದನು.

“ದಾನಶೂರ ಕರ್ಣ! ಮನೆಯ ರೊಟ್ಟಿಯೆಲ್ಲ ಕೆರೆಯ ಮೀನಿಗೆ” ಎಂದರು ಅಜ್ಜಿ.

ಈ ಎಲ್ಲ ಲೀಲೆಗಳಿಗೆ ಕಿರೀಟಪ್ರಾಯವಾದುದು ಗಂಟೆಯ ಪ್ರಕರಣ. ಮೇಷ್ಟರು ದಿನವೂ ಮಧ್ಯಾಹ್ನ ಮತ್ತು ಸಂಜೆ ದೇವರ ಪೂಜೆ ಮಾಡಿ ಹಿತ್ತಾಳೆಯ ಸಣ್ಣ ಗಂಟೆಯನ್ನು ಬಾರಿಸುತ್ತಿದ್ದರು. ನೈವೇದ್ಯವಾದೊಡನೆ ಅಜ್ಜಿ ಹಿತ್ತಿಲ ಬಾಗಿಲಲ್ಲಿ ಅಲ್ಯೂಮಿನಿಯಂ ತಟ್ಟೆಗೆ ಮುದ್ದೆಯನ್ನೋ ರೊಟ್ಟಿಯನ್ನೋ ಹಾಕುವರು. ಕೆಲವೇ ವಾರಗಳಲ್ಲಿ ಗಂಟೆಯ ಸದ್ದು ಕೇಳಿದರೆ ಸಾಕು, ಕಾಳಿ ಎಲ್ಲಿದ್ದರೂ ಓಡಿ ಬಂದು, ತಟ್ಟೆಯ ಮುಂದೆ ಕುಳಿತು, ಜೊಲ್ಲು ಸುರಿಸತೊಡಗಿತು.

ಇದು ಕಾಳಿಯೊಂದರ ವಿಶೇಷವಲ್ಲ. ರಷ್ಯಾ ದೇಶದ ಇವಾನ್ ಪಾವ್‌ಲೊವ್ ಎಂಬ ವಿಜ್ಞಾನಿ ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. ಪ್ರಯೋಗಶಾಲೆಯ ನಾಯಿಗಳು ಆಹಾರ ಬಾಯಿಗೆ ಬೀಳುವ ಮೊದಲೇ, ಆಹಾರ ತರುವವನನ್ನು ಕಂಡೊಡನೆ ಜೊಲ್ಲು ಸುರಿಸುವುದನ್ನು ಅವನು ಗಮನಿಸಿದನು. ಆಹಾರಕ್ಕೆ ಮುಂಚೆ ಪ್ರತಿಸಲವೂ ಒಂದು ನಿಶ್ಚಿತ ಸದ್ದನ್ನು ಮಾಡುತ್ತ ಬಂದರೆ, ಕೊನೆಗೆ ಬರಿಯ ಸದ್ದಿಗೇ ಜೊಲ್ಲು ಸುರಿಯುತ್ತದೆಂದು ತೋರಿಸಿಕೊಟ್ಟನು. ಸದ್ದಿನ ಹಿಂದೆ ಆಹಾರ ಬರುವುದು ಪೂರ್ತಿಯಾಗಿ ನಿಂತುಹೋದರೆ ಈ ಅಭ್ಯಾಸವೂ ಕ್ರಮೇಣ ಅಳಿಯುತ್ತದೆ; ಒಮ್ಮೆ ಬಂದು ಒಮ್ಮೆ ಬಾರದಿದ್ದರೆ ಮಾತ್ರ ಬೇಗ ಅಳಿಯದೆ ಗಟ್ಟಿಯಾಗಿ ನಿಲ್ಲುತ್ತದೆ.

ಪಾವ್‌ಲೊವನ ನಾಯಿಗಳು ಒಂದು ಸದ್ದಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಕಲಿಯುತ್ತಿದ್ದವು. ಕಾಳಿಗೆ ಗಂಟೆಯೆಂದರೆಲ್ಲ ಗಂಟೆಯೇ. ಶಾಲೆಯ ಗಂಟೆ ಬಾರಿಸಿದರೆ ಮಕ್ಕಳು ಮನೆಗೆ ಓಡುವ ಮುನ್ನವೇ ಕಾಳಿ ತಟ್ಟೆಯ ಮುಂದೆ ಇರುತ್ತಿತ್ತು. ಐಸ್‌ಕ್ಯಾಂಡಿಯವನು ಗಂಟೆಯಾಡಿಸಿದರೂ ತಟ್ಟೆ, ಅಂಚೆಯವನ ಸೈಕಲ್ಲಿನ ಗಂಟೆಗೂ ತಟ್ಟೆ, ಬೀದಿಯಲ್ಲಿ ಹೋಗುವ ಹಸುವಿನ ಕೊರಳ ಗಂಟೆಗೂ ತಟ್ಟೆ. ಒಂದು ಜಾತ್ರೆಯ ದಿನ ಬೆಳಗಿನಿಂದ ರಾತ್ರಿಯವರೆಗೆ ಗಂಟೆಗಳು ಮೊಳಗಿದವು. ಕಾಳಿ ಅಂದು ಹಿತ್ತಿಲಿಗೂ ಬೀದಿಗೂ ಓಡಾಡಿ ಸುಸ್ತಾಗಿ, ಸಂಜೆ ನಿಜವಾಗಿ ಊಟ ಬಡಿಸಿದಾಗ ತಟ್ಟೆಯಲ್ಲಿ ಮೂತಿಯಿಟ್ಟು ನಿದ್ದೆಹೋಯಿತು.

ಗಂಟೆಯನ್ನು ಬಿಟ್ಟರೆ ಕಾಳಿಗೆ ಪ್ರಿಯವಾದುದು ವಾಹನ. ನಿಂತಿರುವ ಯಾವ ಸರಕು ಗಾಡಿ ಕಂಡರೂ ಹಾರಿ ಏರಿ ಕುಳಿತುಬಿಡುತ್ತಿತ್ತು. ಗಾಡಿ ಎಲ್ಲಿಗೆ ಹೋಗುತ್ತದೆಂಬ ಚಿಂತೆ ಅದಕ್ಕಿರಲಿಲ್ಲ. ಮುಖಕ್ಕೆ ಗಾಳಿ ಬೀಸಿದರೆ ಆಯಿತು. ಎರಡು ಸಲ ಬೇಲೂರಿನ ದಾರಿಯಿಂದ, ಒಂದು ಸಲ ಪುಷ್ಪಗಿರಿಯ ಬೆಟ್ಟದ ಬುಡದಿಂದ ಪರಿಚಿತರು ಅದನ್ನು ಹಿಂದಕ್ಕೆ ತಂದು ಬಿಟ್ಟಿದ್ದರು.

ಇಷ್ಟಾದರೂ ಮನೆಗೊಂದು ಕಾವಲಿದೆ ಎಂಬ ಸಮಾಧಾನ ಮೇಷ್ಟರಿಗಿತ್ತು. ಅದೂ ಒಂದು ರಾತ್ರಿ ಮುರಿದುಬಿದ್ದಿತು. ಹಿತ್ತಿಲಿನ ಕೊಟ್ಟಿಗೆಯಲ್ಲಿ ರಾಶಿ ಹಾಕಿದ್ದ ತೆಂಗಿನಕಾಯಿಗಳಲ್ಲಿ ಸುಮಾರು ನೂರು ಕಾಯಿ ಬೆಳಗಾಗುವುದರೊಳಗೆ ಮಾಯವಾಗಿದ್ದವು. ರಾತ್ರಿಯಿಡೀ ಕಾಳಿ ಒಂದು ಸಲವೂ ಬೊಗಳಿರಲಿಲ್ಲ. ಬೀದಿಯ ಕೊನೆಯ ಮನೆಯವರು ಕಂಡುದನ್ನು ಹೇಳಿದಾಗ ಮೇಷ್ಟರು ತಲೆ ತಗ್ಗಿಸಬೇಕಾಯಿತು. ಯಾರೋ ಒಬ್ಬನು ನಸುಕಿನಲ್ಲಿ ಚೀಲ ಹೊತ್ತು ಹೋಗುತ್ತಿದ್ದನಂತೆ. ಅವನ ಮುಂದೆ ದಾರಿ ತೋರಿಸುವಂತೆ ಕಪ್ಪು ನಾಯಿಯೊಂದು ಬಾಯಲ್ಲಿ ಒಂದು ಸಣ್ಣ ಕಾಯಿಯನ್ನು ಕಚ್ಚಿಕೊಂಡು, ಬಾಲವೆತ್ತಿ ನಡೆಯುತ್ತಿತ್ತಂತೆ. ಮನೆಯವರೇ ಕಾಯಿ ಸಾಗಿಸುತ್ತಿದ್ದಾರೆಂದು ಅವರು ತಿಳಿದುಕೊಂಡಿದ್ದರು.

“ಕಳ್ಳನಿಗೆ ಕೂಲಿಯಿಲ್ಲದೆ ಆಳು ಸಿಕ್ಕಿತು! ಇನ್ನು ಇದು ಈ ಮನೆಯಲ್ಲಿರಬೇಕೋ ನಾನಿರಬೇಕೋ ತೀರ್ಮಾನ ಮಾಡಿ” ಎಂದರು ಅಜ್ಜಿ.

ಮೇಷ್ಟರಿಗೆ ಮಾತು ಹೊರಡಲಿಲ್ಲ. ದೋರಸಮುದ್ರದ ಇತಿಹಾಸದಲ್ಲಿ ಒಡೆಯನಿಗೆ ಪ್ರಾಣ ತೆತ್ತವರ ಕಥೆಯೂ ಒಂದಿದೆ. ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ಅಂಗರಕ್ಷಕನಾದ ಕುವರ ಲಕ್ಷ್ಮನು ತನ್ನ ಮಡದಿ ಮತ್ತು ಸಂಗಡಿಗರೊಡನೆ ಪ್ರಾಣಾರ್ಪಣೆ ಮಾಡಿದನು. ಅದನ್ನು ಸಾರುವ ಗರುಡಗಂಬ ಹಳೇಬೀಡಿನ ದೇವಾಲಯದ ಬಳಿಯಲ್ಲಿಯೇ ನಿಂತಿದೆ. ಎಷ್ಟೋ ವರ್ಷ ಶಾಲೆಯ ಮಕ್ಕಳನ್ನು ಆ ಕಂಬದ ಮುಂದೆ ನಿಲ್ಲಿಸಿ ಮೇಷ್ಟರು ಸ್ವಾಮಿಭಕ್ತಿಯ ಪಾಠ ಹೇಳಿದ್ದರು. ಅಂಥವರ ಮನೆಯ ನಾಯಿ ಕಳ್ಳನನ್ನು ಬೀದಿಯ ತನಕ ಕಳುಹಿಸಿಕೊಟ್ಟು ಬಂದಿತ್ತು.

ಅರಸೀಕೆರೆಯ ಬಳಿಯ ಹಳ್ಳಿಯೊಂದರಲ್ಲಿ ಮೇಷ್ಟರ ಬೀಗರ ತೆಂಗಿನ ತೋಟವಿತ್ತು. ತೋಟದಲ್ಲಿ ಬೇರೆ ಎರಡು ಗಟ್ಟಿಮುಟ್ಟಾದ ನಾಯಿಗಳಿದ್ದುದರಿಂದ, ಅವುಗಳ ಜೊತೆಯಲ್ಲಿ ಕಾಳಿಯೂ ಏನಾದರೂ ಕಲಿತೀತೆಂದು ಬೀಗರು ಒಪ್ಪಿದರು. ಒಂದು ಸೋಮವಾರ ಜಾವಗಲ್ ಮಾರ್ಗವಾಗಿ ಹೊರಟ ಸರಕು ಗಾಡಿಯಲ್ಲಿ ಅದನ್ನು ಕಳುಹಿಸುವುದೆಂದಾಯಿತು. ಹಗ್ಗ ಕಟ್ಟಿ ಎಳೆಯಬೇಕಾದೀತೆಂದು ಮೇಷ್ಟರು ಹೆದರಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ಗಾಡಿಯನ್ನು ಕಂಡ ಕಾಳಿ ತಾನಾಗಿಯೇ ಹಾರಿ ಹತ್ತಿ, ಹಲಗೆಯ ಮೇಲೆ ಮುಂಗಾಲಿಟ್ಟು, ಮನೆಯವರ ಕಡೆ ತಿರುಗಿ ಸಂತೋಷದಿಂದ ಬಾಲವಲ್ಲಾಡಿಸಿತು. ಗಾಡಿ ಹೊರಟು ತಿರುವು ಕಳೆಯುವವರೆಗೂ ಆ ಬಾಲ ಅಲ್ಲಾಡುತ್ತಲೇ ಇತ್ತು. ಮೊಮ್ಮಗ ಮನೆಯೊಳಗೆ ಓಡಿಹೋದನು.

ಆ ದಿನ ಸಂಜೆ ಮೇಷ್ಟರು ಪೂಜೆಯ ಗಂಟೆ ಬಾರಿಸಿದರು. ಹಿತ್ತಿಲಲ್ಲಿ ಯಾರೂ ಓಡಿ ಬಂದ ಸದ್ದಾಗಲಿಲ್ಲ. ಮರುದಿನದಿಂದ ಗಂಟೆ ಬಾರಿಸುವುದನ್ನೇ ಬಿಟ್ಟು, ಮಂತ್ರ ಹೇಳಿ ಮುಗಿಸತೊಡಗಿದರು. ಅಜ್ಜಿ ಅದನ್ನು ಗಮನಿಸಿದರೂ ಏನೂ ಕೇಳಲಿಲ್ಲ.

ಶುಕ್ರವಾರ ರಾತ್ರಿ ಬೀಗರಿಂದ ದೂರವಾಣಿಯಲ್ಲಿ ಸುದ್ದಿ ಬಂದಿತು. ಹಿಂದಿನ ದಿನ ತೋಟದಿಂದ ಕೊಬ್ಬರಿಯ ಮೂಟೆಗಳನ್ನು ಹೇರಿಕೊಂಡು ಹೊರಟ ಗಾಡಿಯಲ್ಲಿ ಕಾಳಿ ಮೂಟೆಗಳ ನಡುವೆ ಮಲಗಿ ಅರಸೀಕೆರೆಯ ಮಾರುಕಟ್ಟೆಗೆ ಹೋಗಿತ್ತು. ಅಲ್ಲಿ ಕೆಳಗೆ ಹಾರಿದ್ದನ್ನು ಚಾಲಕ ಕಂಡಿದ್ದನು. ಆಮೇಲೆ ಎಲ್ಲಿ ಹೋಯಿತೋ ತಿಳಿಯದು. “ಕ್ಷಮಿಸಬೇಕು ಬೀಗರೇ, ನಿನ್ನೆಯಿಂದ ಹುಡುಕಿಸುತ್ತಿದ್ದೇವೆ” ಎಂದು ಅವರು ನೊಂದುಕೊಂಡರು.

ಅರಸೀಕೆರೆ ಸಣ್ಣ ಊರಲ್ಲ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಕಡೆಯ ರೈಲು ಮಾರ್ಗಗಳು ಕೂಡುವ ಜಂಕ್ಷನ್ ಅದು. ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳು ಓಡುತ್ತವೆ. ಕಂಡ ಗಾಡಿಯನ್ನೆಲ್ಲ ಹತ್ತುವ, ಹಂದಿಮರಿಗೆ ಹೆದರುವ, ಕಳ್ಳನನ್ನೂ ನಂಬುವ ಪ್ರಾಣಿಯೊಂದು ಅಲ್ಲಿ ಎಷ್ಟು ದಿನ ಉಳಿದೀತು? ಆ ರಾತ್ರಿ ಮನೆಯಲ್ಲಿ ಮಾಡಿದ ಅಡಿಗೆ ಹಾಗೆಯೇ ಉಳಿಯಿತು. “ಕೊಟ್ಟುಬಿಡಿ ಎಂದವಳು ನಾನೇ” ಎಂದು ಅಜ್ಜಿ ಒಂದು ಸಲ ಅಂದರು. “ಒಪ್ಪಿದವನು ನಾನು” ಎಂದರು ಮೇಷ್ಟರು. ಬೆಳಗಿನ ಮೊದಲ ಬಸ್ಸಿಗೆ ಅವರು ಹೊರಟಾಗ ಅಜ್ಜಿ ಕೈಚೀಲವೊಂದನ್ನು ಕೊಟ್ಟು, “ದಾರಿಯಲ್ಲಿ ತಿನ್ನಲು ರೊಟ್ಟಿ ಇದೆ, ಮರೆಯಬೇಡಿ” ಎಂದಷ್ಟೇ ಹೇಳಿದರು.

ಮೇಷ್ಟರು ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ವಿಚಾರಿಸಿದರು. ಕಪ್ಪು ನಾಯಿಯೆಂದೊಡನೆ ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು. ಆ ದಿಕ್ಕಿನಲ್ಲೆಲ್ಲ ಒಂದೊಂದು ಕಪ್ಪು ನಾಯಿಯೂ ಇದ್ದಿತು. ಆದರೆ ಎರಡು ಕಿವಿಯೂ ಸರಿಯಾಗಿದ್ದವು. ರೈಲು ನಿಲ್ದಾಣದಲ್ಲಿ ಕೂಲಿಯಾಳೊಬ್ಬ, “ಟಿಕೆಟ್ ತೆಗೆದುಕೊಂಡಿದ್ದರೆ ಇಷ್ಟು ಹೊತ್ತಿಗೆ ಹುಬ್ಬಳ್ಳಿ ಸೇರಿರಬೇಕು, ಸ್ವಾಮಿ” ಎಂದು ನಕ್ಕನು. ಮೇಷ್ಟರ ಮುಖವನ್ನು ನೋಡಿ ನಗುವನ್ನು ನಿಲ್ಲಿಸಿ, ಪ್ಲಾಟ್‌ಫಾರಂನ ಎರಡೂ ತುದಿಯವರೆಗೆ ತಾನೂ ಜೊತೆಯಲ್ಲಿ ಬಂದು ಹುಡುಕಿದನು. ಬೇರೆ ದಿನವಾಗಿದ್ದರೆ ಹೊಯ್ಸಳರ ಕಾಲದ ಶಿವಾಲಯವನ್ನು ನೋಡದೆ ಮೇಷ್ಟರು ಅರಸೀಕೆರೆಯಿಂದ ಹಿಂದಿರುಗುತ್ತಿರಲಿಲ್ಲ. ಅಂದು ಅದರ ನೆನಪೂ ಬರಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮಾರುಕಟ್ಟೆಯ ಪ್ರಾಂಗಣಕ್ಕೆ ಬಂದರು. ಎಲ್ಲಿ ನೋಡಿದರೂ ಕೊಬ್ಬರಿಯ ಮೂಟೆಗಳು, ಸಾಲುಸಾಲಾಗಿ ನಿಂತ ಲಾರಿಗಳು, ಕೂಗಾಟ. ಅಲ್ಲಿಯೂ ಕೇಳಿದರು, ಕರೆದರು. ಗದ್ದಲದಲ್ಲಿ ಅವರ ಕೂಗು ಅವರಿಗೇ ಕೇಳಿಸಲಿಲ್ಲ. ಸೋತು ಒಂದು ಮರದ ನೆರಳಿನಲ್ಲಿ ಕುಳಿತು, ನೀರು ಕುಡಿಯೋಣವೆಂದು ಚೀಲಕ್ಕೆ ಕೈಹಾಕಿದರು. ರೊಟ್ಟಿಯ ಗಂಟಿನ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಏನೋ ತಣ್ಣಗೆ ಕೈಗೆ ತಾಕಿತು. ಬಿಡಿಸಿ ನೋಡಿದರೆ, ದೇವರ ಮನೆಯ ಹಿತ್ತಾಳೆಯ ಗಂಟೆ!

ಮೇಷ್ಟರು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತರು. ಬಾರಿಸಲು ಅವರಿಗೆ ಸಂಕೋಚವಾಯಿತು. ನೂರಾರು ಜನ ಓಡಾಡುವ ಜಾಗ. ಬಿಳಿಯ ಪಂಚೆ, ಕನ್ನಡಕ, ಮೂವತ್ತು ವರ್ಷದ ಮೇಷ್ಟರಿಕೆ. ಕೊನೆಗೆ ಎದ್ದು ನಿಂತು ಬಾರಿಸಿಯೇ ಬಿಟ್ಟರು. ಹಮಾಲಿಗಳು ತಿರುಗಿ ನೋಡಿದರು. ವರ್ತಕರೊಬ್ಬರು ಯಾವುದೋ ಗುಡಿಯ ಜೀರ್ಣೋದ್ಧಾರಕ್ಕೆ ಬಂದವರೆಂದು ತಿಳಿದು, ಭಕ್ತಿಯಿಂದ ಹತ್ತು ರೂಪಾಯಿಯ ನೋಟನ್ನು ಅವರ ಕೈಗಿಟ್ಟು ಹೋದರು. ಮೇಷ್ಟರು ಲಾರಿಗಳ ಸಾಲಿನ ಉದ್ದಕ್ಕೂ ಗಂಟೆ ಬಾರಿಸುತ್ತ ನಡೆದರು. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳ ಸದ್ದಿನವರೆಗೆ ಕೇಳಿಸಿಕೊಂಡರೆ ನಾಯಿಯ ಕಿವಿ 45,000ದವರೆಗೂ ಕೇಳಬಲ್ಲದು. ಆ ಗದ್ದಲದಲ್ಲಿ ಮನುಷ್ಯರಿಗೆ ಕೇಳಿಸದ ಗಂಟೆಯ ಕಿರುದನಿ ಎಲ್ಲಿಯವರೆಗೆ ಹೋಯಿತೋ, ಮೂರನೆಯ ಸಾಲಿನ ಕೊನೆಯ ಲಾರಿಯ ಕೆಳಗಿನಿಂದ ಧೂಳಿನ ಮುದ್ದೆಯೊಂದು ಉರುಳಿಕೊಂಡು ಬಂದಂತೆ ಕಂಡಿತು. ಅದಕ್ಕೆ ಒಂದು ಕಿವಿ ನೆಟ್ಟಗಿತ್ತು; ಇನ್ನೊಂದು ಮಡಚಿತ್ತು.

ಕಾಳಿ ಮೇಷ್ಟರ ಮುಖವನ್ನು ನೋಡಲಿಲ್ಲ. ಅವರ ಮುಂದೆ ಬಂದು ಕುಳಿತು, ಜೊಲ್ಲು ಸುರಿಸುತ್ತ, ನೆಲದ ಮೇಲೆ ಅತ್ತಿತ್ತ ತಟ್ಟೆಗಾಗಿ ಹುಡುಕಿತು. ತಟ್ಟೆ ಕಾಣದಿದ್ದಾಗ ಅದರ ಮುಖ ಬಾಡಿತು. ಮೇಷ್ಟರು ನಡುಗುವ ಕೈಯಿಂದ ರೊಟ್ಟಿಯ ಗಂಟನ್ನು ಬಿಚ್ಚಿದರು. ರೊಟ್ಟಿಯ ಜೊತೆಗೆ ಅವರ ಕೈಯ ವಾಸನೆ ಮೂಗಿಗೆ ತಾಕಿದ ಮೇಲೆಯೇ ಕಾಳಿಗೆ ಯಾರೆಂಬುದು ಹೊಳೆದದ್ದು. ಆಗ ಅದು ರೊಟ್ಟಿಯನ್ನು ಬಿಟ್ಟು ಅವರ ಮೇಲೆ ಹಾರಿ, ಕನ್ನಡಕವನ್ನು ಕೆಳಗೆ ಬೀಳಿಸಿ, ಪಂಚೆಯ ತುಂಬ ಧೂಳಿನ ಹೆಜ್ಜೆ ಮೂಡಿಸಿ, ಸುತ್ತ ನಿಂತವರೆಲ್ಲ ನಗುವಂತೆ ಊಳಿಟ್ಟಿತು. ಆಮೇಲೆ ನೆನಪಾಗಿ ಬಂದು ರೊಟ್ಟಿ ತಿಂದಿತು. ಒಂದನ್ನು ಮಾತ್ರ ಬಾಯಲ್ಲಿ ಕಚ್ಚಿಕೊಂಡು ಹೋಗಿ ಕಲ್ಲುಹಾಸಿನ ನೆಲವನ್ನು ಕೆರೆದು, ಹೂಳಲಾಗದೆ, ಅಲ್ಲಿಯೇ ಬಿಟ್ಟು ಬಂದಿತು. ವರ್ತಕರು ಕೊಟ್ಟ ಹತ್ತು ರೂಪಾಯಿಯನ್ನು ಮೇಷ್ಟರು ಹಿಂದಿರುಗಿಸಲು ಹೋದಾಗ ಅವರು, “ಇರಲಿ ಸ್ವಾಮಿ, ದೇವರು ಸಿಕ್ಕಿತಲ್ಲ” ಎಂದರು.

ಹಳೇಬೀಡಿಗೆ ಒಂದು ಸರಕು ಆಟೊ ಗೊತ್ತುಮಾಡಬೇಕಾಯಿತು. ದಾರಿಯುದ್ದಕ್ಕೂ ಕಾಳಿ ಹಲಗೆಯ ಮೇಲೆ ಮುಂಗಾಲಿಟ್ಟು ಗಾಳಿಗೆ ಮುಖವೊಡ್ಡಿ ನಿಂತಿತ್ತು. ಹೋದುದು, ಕಳೆದುಹೋದುದು, ಸಿಕ್ಕಿದುದು ಎಲ್ಲವೂ ಅದಕ್ಕೆ ಒಂದೇ ದೀರ್ಘವಾದ ಸವಾರಿಯಂತೆ ತೋರಿರಬೇಕು.

ಮನೆಯ ಮುಂದೆ ಮೊಮ್ಮಗ ಅದನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು, “ಅಯ್ಯೋ, ಎಂಥ ಕೊಳೆ! ಮೊದಲು ಸ್ನಾನ ಮಾಡಿಸಿ, ಆಮೇಲೆ ಒಳಗೆ ಬಿಡಿ” ಎಂದು ಗದರಿ, ಬಚ್ಚಲಿಗೆ ನೀರು ತೋಡಲು ತಾವೇ ಹೋದರು. ಮೇಷ್ಟರು ಗಂಟೆಯನ್ನು ತೊಳೆದು ದೇವರ ಮುಂದೆ ಇಟ್ಟರು.

ಸಂಜೆ ಪೂಜೆಯಾಯಿತು. ಐದು ದಿನಗಳ ಮೇಲೆ ಗಂಟೆಯ ಸದ್ದು ಮತ್ತೆ ಕೇಳಿಸಿತು. ಹಿತ್ತಿಲ ಬಾಗಿಲಲ್ಲಿ ಕಾಳಿ ಆಗಲೇ ಅಲ್ಯೂಮಿನಿಯಂ ತಟ್ಟೆಯ ಮುಂದೆ ಕುಳಿತಿತ್ತು. ಅಜ್ಜಿ ಬಂದು ಎರಡು ರೊಟ್ಟಿ ಹಾಕಿದರು. ಅಷ್ಟರಲ್ಲಿ ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸುತ್ತ ಹೋಯಿತು. ಕಾಳಿ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಜ್ಜಿಯ ಮುಖವನ್ನು ನೋಡಿತು. ಅಜ್ಜಿ ಒಳಗೆ ಹೋಗಿ ಮೂರನೆಯದನ್ನೂ ತಂದರು.